ಗುಡ್ಡದ ಮೇಲೆ ರೇಡಿಯೊ, ಊರಲ್ಲಿ ಒಂದು ಕಿವಿ

ಹ್ಯಾಮ್ ರೇಡಿಯೊ ಪರೀಕ್ಷೆ ಪಾಸಾಗಿ ಕರೆಸಂಕೇತ ಕೈಗೆ ಬಂತೆಂದರೆ ಹೊಸಬರಿಗೆ ಏಳುವ ಮೊದಲ ಆಸೆ ರೇಡಿಯೊ ಹೊತ್ತು ಗುಡ್ಡ ಹತ್ತುವುದು. ಬಾಗಲಕೋಟೆ ನವನಗರದವರು ಈ ಆಸೆ ತೀರಿಸಿಕೊಳ್ಳಲು ಚಿಕ್ಕಮಗಳೂರಿಗೋ ಕೊಡಗಿಗೋ ಹೋಗಬೇಕಿಲ್ಲ. ಬಾದಾಮಿ, ಗುಳೇದಗುಡ್ಡ, ಐಹೊಳೆ ಕಡೆ ಮರಳುಗಲ್ಲಿನ ಗುಡ್ಡಗಳಿವೆ. ಹುನಗುಂದ ದಾಟಿ ಇಳಕಲ್ಲಿನ ಕಡೆ ಹೊರಳಿದರೆ ಗ್ರಾನೈಟಿನ ದಿಬ್ಬಗಳು ಶುರು. ಬೆಳಗಿನ ಬಸ್ಸಿಗೆ ಹೊರಟರೆ ಬಿಸಿಲೇರುವ ಮುಂಚೆ ಮೇಲಿರಬಹುದು.

ಎತ್ತರಕ್ಕೆ ಹೋದಷ್ಟೂ ದನಿ ದೂರ ಮುಟ್ಟುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮುಟ್ಟಿದ ಜಾಗದಲ್ಲಿ ಅದನ್ನು ಹಿಡಿಯುವವರು ಇದ್ದಾರೆಯೇ ಎಂಬ ಪ್ರಶ್ನೆಯನ್ನು ಬಹಳ ಜನ ಗುಡ್ಡದ ಮೇಲೆ ನಿಂತಾಗಲೇ ಕೇಳಿಕೊಳ್ಳುತ್ತಾರೆ. ಮೊದಲ ಸಲ ಹೊರಡುವವರು ಯಾವ ರೇಡಿಯೊ, ಯಾವ ಆಂಟೆನಾ, ಯಾವ ಬ್ಯಾಟರಿ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮ ಜಿಲ್ಲೆಯಂಥ ಕಡೆ ಎಲ್ಲಕ್ಕಿಂತ ಮೊದಲು ಆಗಬೇಕಾದ ತಯಾರಿ ಕೆಳಗೆ ಊರಿನಲ್ಲಿ ಒಬ್ಬ ಕೇಳುಗನನ್ನು ಗೊತ್ತು ಮಾಡಿಕೊಳ್ಳುವುದು ಎಂಬುದು ನನ್ನ ವಾದ.

ರೇಡಿಯೊ ಹೊತ್ತು ಗುಡ್ಡ ಹತ್ತುವ ಈ ಹವ್ಯಾಸಕ್ಕೆ ಜಗತ್ತಿನಲ್ಲಿ ಒಂದು ಚೌಕಟ್ಟು ಕೊಟ್ಟದ್ದು ಬ್ರಿಟನ್ನಿನಲ್ಲಿ 2002ರ ಮಾರ್ಚ್ 2ರಂದು ಶುರುವಾದ ‘ಸಮ್ಮಿಟ್ಸ್ ಆನ್ ದಿ ಏರ್’, ಚಿಕ್ಕದಾಗಿ ಸೋಟಾ. ಜಾನ್ ಲಿನ್‌ಫೋರ್ಡ್ ಎಂಬ ಹ್ಯಾಮ್ ಇದರ ಮೂಲಪುರುಷ. ಅಲ್ಲಿನ ನಿಯಮಗಳು ನೋಡಲು ಸರಳ, ಪಾಲಿಸಲು ಕಟ್ಟುನಿಟ್ಟು. ಶಿಖರ ಸುತ್ತಲ ನೆಲದಿಂದ ಸಾಮಾನ್ಯವಾಗಿ 150 ಮೀಟರ್ ಆದರೂ ಪ್ರತ್ಯೇಕವಾಗಿ ಮೇಲೆದ್ದಿರಬೇಕು. ರೇಡಿಯೊ ಹಚ್ಚುವ ಜಾಗ ತುದಿಯಿಂದ 25 ಮೀಟರಿಗಿಂತ ಕೆಳಗಿರಬಾರದು. ಸಾಮಾನೆಲ್ಲ ಮೈಮೇಲೆ ಹೊತ್ತೇ ಒಯ್ಯಬೇಕು. ಜೀಪಿನಲ್ಲಿ ಕೂತು ಮಾತಾಡುವುದು, ಜನರೇಟರ್ ಹಚ್ಚುವುದು ನಡೆಯದು. ನಾಲ್ಕು ಬೇರೆ ಬೇರೆ ಜನರ ಜೊತೆ ಮಾತು ಮುಗಿಸಿದರೆ ಆ ಶಿಖರದ ಅಂಕ ನಿಮ್ಮದು. ದನಿ ಹಿಡಿದು ಮತ್ತೆ ಬಿತ್ತರಿಸುವ ರಿಪೀಟರ್ ನಿಲ್ದಾಣದ ಮೂಲಕ ಆಡಿದ ಮಾತು ಲೆಕ್ಕಕ್ಕಿಲ್ಲ.

ಈ ಅಳತೆಗೋಲು ಹಿಡಿದರೆ ಬಾದಾಮಿಯ ಗುಡ್ಡಗಳು ಪಾಸಾಗುವುದು ಕಷ್ಟ. ಊರೇ ಸಮುದ್ರ ಮಟ್ಟದಿಂದ ಸುಮಾರು 580 ಮೀಟರ್ ಎತ್ತರದಲ್ಲಿದೆ. ಬಂಡೆಗಳು ಅಲ್ಲಿಂದ ನೆಟ್ಟಗೆ ಏಳುವುದು ಕಣ್ಣಿಗೆ ಭಾರಿ, ಅಳತೆಗೆ ಅಷ್ಟಕ್ಕಷ್ಟೇ. ಮೊದಲ ಸಲಕ್ಕೆ ಅಂಕದ ಗೊಡವೆಯೇ ಬೇಡ. ಆದರೆ ಆ ನಿಯಮಗಳನ್ನು ಹಾಗೇ ಇಟ್ಟುಕೊಳ್ಳಿ: ಹೊತ್ತು ಹತ್ತುವುದು, ಬ್ಯಾಟರಿಯಲ್ಲೇ ನಡೆಸುವುದು, ರಿಪೀಟರ್ ಮುಟ್ಟದಿರುವುದು. ಕಲಿಯಲು ಇದಕ್ಕಿಂತ ಒಳ್ಳೆಯ ಕಟ್ಟುಪಾಡು ಇಲ್ಲ.

ಯುರೋಪಿನಲ್ಲಿ ಶಿಖರ ಹತ್ತುವವರಿಗೆ ಒಂದು ಅನುಕೂಲ ಇದೆ. ಮನೆಯಲ್ಲಿ ಕೂತು ಗುಡ್ಡದ ಮೇಲಿನವರನ್ನೇ ಬೇಟೆಯಾಡುವ ನೂರಾರು ಹ್ಯಾಮ್‌ಗಳು ಅಲ್ಲಿದ್ದಾರೆ. ಅವರಿಗೂ ಅಂಕ ಉಂಟು. ಒಬ್ಬ ಒಂದು ಸಲ ಕರೆದರೆ ಹತ್ತು ಜನ ಮೇಲೆ ಬೀಳುತ್ತಾರೆ. ಇಲ್ಲಿ ನೀವು ಭಾನುವಾರ ಬೆಳಗ್ಗೆ ಬಾದಾಮಿ ಗುಡ್ಡದ ಮೇಲೆ 145.500 ಮೆಗಾಹರ್ಟ್ಸ್‌ನಲ್ಲಿ ‘ಸಿಕ್ಯು ಸಿಕ್ಯು’ (ಯಾರಾದರೂ ಉತ್ತರಿಸಿ) ಎಂದು ಗಂಟಲು ಹರಿದುಕೊಂಡರೂ ಆ ಹೊತ್ತಿಗೆ ಅದೇ ಚಾನಲ್ಲಿಗೆ ಕಿವಿಗೊಟ್ಟವರು ಒಬ್ಬರೂ ಇಲ್ಲದಿರಬಹುದು. ಆಗ ರೇಡಿಯೊ ಕೆಟ್ಟಿದೆಯೋ, ಆಂಟೆನಾ ಸರಿಯಿಲ್ಲವೋ, ಕೇಳುವವರೇ ಇಲ್ಲವೋ ಎಂದು ಪತ್ತೆ ಹಚ್ಚುವುದು ಆಗದ ಮಾತು. ಹೊಸಬರು ತಪ್ಪು ಹುಡುಕುತ್ತಾ ಇದ್ದಬದ್ದ ಕೇಬಲ್ ಎಲ್ಲ ಕಿತ್ತು ಹಾಕುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಎರಡು ಮೀಟರ್ ಬ್ಯಾಂಡು, ಅಂದರೆ ನಮ್ಮ ದೇಶದಲ್ಲಿ 144ರಿಂದ 146 ಮೆಗಾಹರ್ಟ್ಸ್, ಬಹುಮಟ್ಟಿಗೆ ಕಣ್ಣಳತೆಯ ದಾರಿಯಲ್ಲೇ ಹೋಗುತ್ತದೆ. ಭೂಮಿಯ ಬಾಗು ಅಡ್ಡ ಬರುವವರೆಗಿನ ದೂರಕ್ಕೆ ಒಂದು ಸುಲಭ ಸೂತ್ರ ಇದೆ: ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ. ಎರಡೂ ತುದಿಯದನ್ನು ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಬೇಕು. ಬಯಲಿನಿಂದ 100 ಮೀಟರ್ ಮೇಲೆ ನೀವಿದ್ದೀರಿ ಎನ್ನಿ, ನಿಮ್ಮ ಪಾಲು 41 ಕಿಲೋಮೀಟರ್. ಬಾದಾಮಿಯಿಂದ ಇಳಕಲ್ಲು ನೆಟ್ಟಗೆ ಮೂಡಣಕ್ಕೆ, ಕಾಗೆ ಹಾರಿದ ದಾರಿಯಲ್ಲಿ ಸುಮಾರು 48 ಕಿಲೋಮೀಟರ್. ಅಲ್ಲಿ ನಿಮ್ಮ ಗೆಳೆಯ ರಸ್ತೆಯಲ್ಲಿ ಕೈರೇಡಿಯೊ ಹಿಡಿದು ನಿಂತರೆ, ಒಂದೂವರೆ ಮೀಟರ್ ಎತ್ತರಕ್ಕೆ ಅವನ ಪಾಲು 5. ಒಟ್ಟು 46, ಎರಡು ಕಿಲೋಮೀಟರ್ ಕಡಿಮೆ ಬಿತ್ತು. ಅವನೇ ಮೂರಂತಸ್ತಿನ ಮಾಳಿಗೆ ಹತ್ತಿ ಒಂಬತ್ತು ಮೀಟರ್ ಎತ್ತರದಲ್ಲಿ ಆಂಟೆನಾ ಕಟ್ಟಿದರೆ ಅವನ ಪಾಲು 12, ಒಟ್ಟು 53. ಮಾತು ಮುಟ್ಟಿತು. ನೀವು ಬೆವರು ಸುರಿಸಿ ಗಳಿಸಿದ ಎತ್ತರದ ಜೊತೆ ಅವನು ಹತ್ತಿದ ಮೂರು ಅಂತಸ್ತು ಸೇರದಿದ್ದರೆ ಕೆಲಸ ಕೆಟ್ಟಿತು ಎಂದಂತಾಯಿತು. ನೆಲ ಸಪಾಟಾಗಿದೆ ಎಂದು ಹಿಡಿದ ಲೆಕ್ಕ ಇದು. ನಡುವೆ ಒಂದು ದಿನ್ನೆ ಎದ್ದಿದ್ದರೂ ಕಿಲೋಮೀಟರುಗಳು ಕಡಿತವಾಗುತ್ತವೆ.

ನವನಗರ ಬಾದಾಮಿಗೆ ಹೆಚ್ಚುಕಡಿಮೆ ನೇರ ಬಡಗಣಕ್ಕಿದೆ, ಮೂವತ್ತು ಕಿಲೋಮೀಟರಿನ ಆಸುಪಾಸು. ದೂರ ಕಡಿಮೆಯಾದರೂ ಆ ದಿಕ್ಕಿನಲ್ಲಿ ಮರಳುಗಲ್ಲಿನ ಸಾಲುಗಳು ಅಡ್ಡ ಬರುತ್ತವೆ. ಸೆಕ್ಟರಿನ ಮನೆಯೊಳಗೆ ಸೋಫಾ ಮೇಲೆ ಕೂತು ಕೇಳುತ್ತೇನೆ ಎಂದು ಒಪ್ಪಿಕೊಂಡ ಗೆಳೆಯನಿಗೆ ದಯವಿಟ್ಟು ಮಾಳಿಗೆ ಹತ್ತು ಎಂದು ಹೇಳಿ.

ಇನ್ನೊಂದು ಸಂಗತಿ ಬಾದಾಮಿ ಸೀಮೆಗೇ ಸೇರಿದ್ದು. ಇಲ್ಲಿನ ಗುಡ್ಡಗಳಿಗೆ ಚೂಪಾದ ತುದಿ ಇಲ್ಲ, ಮೇಲೆ ವಿಶಾಲ ಹಾಸುಬಂಡೆ. ನಡುಮಧ್ಯೆ ಹೋಗಿ ನಿಂತರೆ ಗುಡ್ಡದ ಅಂಚೇ ಕೆಳಗಿನ ಊರನ್ನು ನಿಮ್ಮಿಂದ ಮರೆಮಾಡುತ್ತದೆ. ನಕ್ಷೆಯಲ್ಲಿ ಅತಿ ಎತ್ತರದ ಚುಕ್ಕೆ ಹುಡುಕಿಕೊಂಡು ಹೋಗುವ ಬದಲು, ಯಾರ ಜೊತೆ ಮಾತಾಡಬೇಕೋ ಆ ದಿಕ್ಕಿನ ಅಂಚಿನ ಹತ್ತಿರ ಜಾಗ ಹಿಡಿಯಿರಿ. ಹತ್ತಿರ ಎಂದರೆ ಹತ್ತು ಹೆಜ್ಜೆ ಒಳಗೆ. ಕಿವಿಗೆ ರೇಡಿಯೊ ಹಚ್ಚಿಕೊಂಡು ಓಡಾಡುವವರಿಗೆ ಕಾಲಡಿ ಏನಿದೆ ಎಂಬ ಎಚ್ಚರ ಇರುವುದಿಲ್ಲ. ಮೈ ಕೂಡ ಅಲೆಗೆ ಅಡ್ಡ ಬರುತ್ತದೆ. ಕೈರೇಡಿಯೊದಲ್ಲಿ ದನಿ ತುಂಡಾಗುತ್ತಿದ್ದರೆ ನಿಂತಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿ ನೋಡಿ, ಯಾವುದೋ ಒಂದು ಕೋನದಲ್ಲಿ ಸ್ವಚ್ಛವಾಗುತ್ತದೆ.

ಸಾಮಾನಿನ ಮಾತು. ಐದು ವಾಟಿನ ಕೈರೇಡಿಯೊ ಒಂದು, ಅದಕ್ಕೊಂದು ಸರಿಯಾದ ಆಂಟೆನಾ. ಜೊತೆಗೆ ಬರುವ ಮೊಂಡು ರಬ್ಬರ್ ಕಡ್ಡಿ ಜೇಬಿಗೆ ಅನುಕೂಲ, ದೂರಕ್ಕೆ ಅಲ್ಲ. ದೂರದರ್ಶನದ ಕಾಲದಲ್ಲಿ ಮಾಳಿಗೆಯಿಂದ ಟಿವಿಗೆ ಇಳಿಯುತ್ತಿದ್ದ ಚಪ್ಪಟೆ ವೈರು ನೆನಪಿದೆಯಲ್ಲ, ಎರಡು ತಂತಿ ನಡುವೆ ಪ್ಲಾಸ್ಟಿಕ್ಕು? ಅದು ಒಂದೂವರೆ ಮೀಟರ್ ಸಿಕ್ಕರೆ ಸುತ್ತಿ ಜೇಬಿನಲ್ಲಿಟ್ಟುಕೊಳ್ಳುವ ಜೆ-ಪೋಲ್ ಆಂಟೆನಾ ಮಾಡಬಹುದು. ಗುಡ್ಡದ ಮೇಲೆ ಬಿದಿರು ಗಳಕ್ಕೆ ಕಟ್ಟಿ ಎತ್ತಿದರೆ ಮುಗಿಯಿತು. ಸ್ವಲ್ಪ ಕೈಚಳಕ ಇದ್ದವರು ಉಕ್ಕಿನ ಅಳತೆ ಟೇಪು ಕತ್ತರಿಸಿ, ಪಿವಿಸಿ ಪೈಪಿಗೆ ಬಿಗಿದು ಮೂರು ಕಡ್ಡಿಯ ಯಾಗಿ ಆಂಟೆನಾ ಮಾಡಿಕೊಳ್ಳುತ್ತಾರೆ, ಮಡಚಿದರೂ ಮುರಿಯದು. ಆದರೆ ಯಾಗಿ ಹಿಡಿಯುವಾಗ ಕಡ್ಡಿಗಳು ಲಂಬವಾಗಿರಲಿ. ಕೆಳಗಿನವರ ಆಂಟೆನಾ ನಿಂತಿದ್ದು ನಿಮ್ಮದು ಮಲಗಿದ್ದರೆ ಸಂಕೇತದ ಬಹುಪಾಲು ಸುಮ್ಮನೆ ಸೋರಿಹೋಗುತ್ತದೆ.

ಕೆಲವರಿಗೆ ಮೊದಲ ದಿನವೇ 7 ಮೆಗಾಹರ್ಟ್ಸ್‌ನಲ್ಲಿ ಬೆಂಗಳೂರು, 14ರಲ್ಲಿ ವಿದೇಶ ಬೇಕು. ಅದಕ್ಕೆ ರೇಡಿಯೊ ಬೇರೆ, ತಂತಿ ಬೇರೆ. ನಮ್ಮ ಪಕ್ಕದ ಹೈದರಾಬಾದಿನ ಅಷ್ಹರ್ ಫರ್ಹಾನ್ ಅವರ ಬಿಟ್‌ಎಕ್ಸ್ ವಿನ್ಯಾಸವನ್ನು ಜಗತ್ತಿನ ಹ್ಯಾಮ್‌ಗಳು ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಿಕೊಳ್ಳುತ್ತಾರೆ. ನಮ್ಮ ಬೀದಿಯ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಸಿಗುವ ಬಿಡಿಭಾಗಗಳಲ್ಲೇ ಕೆಲಸ ಆಗಬೇಕು ಎಂಬುದು ಅದರ ಹಿಂದಿನ ಲೆಕ್ಕ. 7ಕ್ಕೆ ಒಟ್ಟು 20 ಮೀಟರ್ ತಂತಿ, 14ಕ್ಕೆ 10 ಮೀಟರ್. ಆದರೆ ಇಲ್ಲೊಂದು ತಮಾಷೆ ಇದೆ. ಸುಮಾರು 385 ಕಿಲೋಮೀಟರ್ ಆಚೆಯ ಬೆಂಗಳೂರಿಗೆ 7 ಮೆಗಾಹರ್ಟ್ಸ್‌ನ ಅಲೆ ಹೋಗುವುದು ಆಕಾಶಕ್ಕೆ ಏರಿ, ಅಯಾನುಗೋಳಕ್ಕೆ ಬಡಿದು, ಕೆಳಗೆ ಇಳಿದು. ಅದಕ್ಕೆ ನೀವು ನೂರು ಮೀಟರ್ ಗುಡ್ಡ ಹತ್ತಿದ್ದು ಗೊತ್ತೇ ಆಗುವುದಿಲ್ಲ. ಹೊಲದಲ್ಲಿ ತಂತಿ ಕಟ್ಟಿದ್ದರೂ ಅಷ್ಟೇ ಹೋಗುತ್ತಿತ್ತು. ಗುಡ್ಡ ಕೊಡುವ ಲಾಭ ಬೇರೆ, ನಿಶ್ಶಬ್ದ. ಇನ್‌ವರ್ಟರು, ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ವಿದ್ಯುತ್ ಮಗ್ಗದ ಮೋಟಾರು ಎಲ್ಲ ಸೇರಿ ಊರೊಳಗೆ ಎಬ್ಬಿಸುವ ಗೊರಗೊರ ಸದ್ದು ಅಲ್ಲಿ ಇರುವುದಿಲ್ಲ. ಇಳಕಲ್ಲಿನಲ್ಲೋ ಗುಳೇದಗುಡ್ಡದಲ್ಲೋ ಮನೆಯಲ್ಲಿ ಕೂತು ಕೇಳಿದವರಿಗೆ ಗುಡ್ಡದ ಮೇಲೆ ಹೆಡ್‌ಫೋನ್ ಹಾಕಿಕೊಂಡಾಗ ರೇಡಿಯೊ ಬಂದ್ ಆಗಿದೆಯೇನೋ ಅನ್ನಿಸಬೇಕು, ಅಷ್ಟು ವ್ಯತ್ಯಾಸ. ಆದರೂ ನನ್ನ ಸಲಹೆ, ಮೊದಲ ಸಲ ಎರಡು ಮೀಟರ್ ಬ್ಯಾಂಡ್ ಸಾಕು. ಎತ್ತರಕ್ಕೆ ಬೆಲೆ ಇರುವುದು ಅಲ್ಲಿ.

ಎಚ್‌ಎಫ್ (7, 14ರಂಥ ಬ್ಯಾಂಡಿನ ರೇಡಿಯೊ) ಒಯ್ದೇ ತೀರುತ್ತೇನೆ ಎನ್ನುವವರು ಬ್ಯಾಟರಿ ಲೆಕ್ಕ ಹಾಕಲಿ. ಐದು ವಾಟಿನ ರೇಡಿಯೊ ಮಾತಾಡುವಾಗ ಸುಮಾರು 2 ಆಂಪಿಯರ್, ಕೇಳುವಾಗ 0.4 ಆಂಪಿಯರ್ ಎಳೆಯುತ್ತದೆ. ಮೂರು ತಾಸಿನಲ್ಲಿ ಕಾಲುಭಾಗ ಮಾತಾಡಿದರೆ ಎರಡೂವರೆ ಆಂಪಿಯರ್-ಅವರ್ ಒಳಗೆ ಮುಗಿಯುತ್ತದೆ. ನಾಲ್ಕರ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕು ಧಾರಾಳ. ಸ್ಕೂಟರಿನ ಸೀಸದ ಬ್ಯಾಟರಿ ಹೊತ್ತುಕೊಂಡು ಬೆನ್ನು ಮುರಿದುಕೊಳ್ಳುವವರೂ ಇದ್ದಾರೆ. ವ್ಯಾಯಾಮ ಬೇಕಿದ್ದರೆ ಸರಿ.

ಹಾಸುಬಂಡೆಯ ಮೇಲೆ ಗೂಟ ಇಳಿಯುವುದಿಲ್ಲ ಎಂಬುದು ಮೇಲೆ ಹೋದ ಮೇಲೆ ಹೊಳೆಯುವ ವಿಷಯ. ಗಳ ನಿಲ್ಲಿಸಲು ಮೂರು ಕಡೆ ಹಗ್ಗ ಎಳೆಯಬೇಕು, ಹಗ್ಗಕ್ಕೆ ಹಿಡಿತ ಬೇಕು. ಹಳೆಯ ಬಟ್ಟೆ ಚೀಲ ಮೂರು ಖಾಲಿ ಒಯ್ಯಿರಿ, ಮೇಲೆ ಕಲ್ಲು ತುಂಬಿ ಹಗ್ಗ ಬಿಗಿಯಿರಿ. ಇದನ್ನೆಲ್ಲ ಒಂದು ಸಂಜೆ ಮನೆಯ ಮಾಳಿಗೆ ಮೇಲೆ, ಯಾರ ಸಹಾಯವೂ ಇಲ್ಲದೆ, ಗಡಿಯಾರ ನೋಡಿಕೊಂಡು ಒಂದು ಸಲ ಕಟ್ಟಿ ಬಿಚ್ಚಿ. ಕೇಬಲ್ಲಿನ ಕನೆಕ್ಟರು ರೇಡಿಯೊಗೆ ಕೂರುವುದಿಲ್ಲ, ಅಡಾಪ್ಟರ್ ಬೇಕು ಎಂಬುದು ಅಲ್ಲೇ ಗೊತ್ತಾದರೆ ಪೇಟೆ ಹತ್ತಿರ ಇರುತ್ತದೆ.

ಎಲ್ಲಿ ಕಟ್ಟುತ್ತೀರಿ ಎಂಬುದೂ ಮುಖ್ಯ. ಬಾದಾಮಿಯ ಕೋಟೆ ಇರಲಿ, ಐಹೊಳೆಯ ಮೇಗುತಿ ಇರಲಿ, ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗಗಳು. ಕವಿ ರವಿಕೀರ್ತಿಯ 634ರ ಶಾಸನ ಇರುವ ಮೇಗುತಿ ಗುಡಿಯ ಗೋಡೆಗೆ ಆಂಟೆನಾ ತಂತಿ ಆನಿಸುವುದು ಕಾನೂನಿಗೂ ಮರ್ಯಾದೆಗೂ ವಿರುದ್ಧ. ಸ್ಮಾರಕ ಇಲ್ಲದ ಗುಡ್ಡ ಹುಡುಕಿ; ನಮ್ಮ ಕಡೆ ಅವುಗಳಿಗೇನು ಬರವಿಲ್ಲ. ಕೆಳಗಿನ ಊರಿನ ಹಿರಿಯರಿಗೆ, ಕುರಿ ಕಾಯುವವರಿಗೆ ಏನು ಮಾಡುತ್ತೇವೆಂದು ಮೊದಲೇ ಹೇಳಿ. ಗಳ ನೆಟ್ಟು, ತಂತಿ ಎಳೆದು, ಪೆಟ್ಟಿಗೆಯೊಳಗೆ ಮಾತಾಡುವ ಅಪರಿಚಿತರನ್ನು ಕಂಡು ಯಾರಾದರೂ ಪೊಲೀಸರಿಗೆ ಫೋನ್ ಮಾಡಿದರೆ ಅವರದು ತಪ್ಪೆನ್ನಲಾಗದು.

ಆದ್ದರಿಂದ ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಲೈಸೆನ್ಸಿನ ಪ್ರತಿ ಇರಬೇಕು. ನಮ್ಮಲ್ಲಿ ಈ ಹವ್ಯಾಸ ನಡೆಯುವುದು 1978ರ ಹವ್ಯಾಸಿ ರೇಡಿಯೊ ನಿಯಮಗಳ ಅಡಿಯಲ್ಲಿ. ಪರೀಕ್ಷೆ, ಲೈಸೆನ್ಸು ಎಲ್ಲ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಕೈಯಲ್ಲಿ. ಹನ್ನೆರಡು ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಯವರ ಸಂಕೇತ ಸಾಮಾನ್ಯವಾಗಿ ವಿಯು3 ಎಂದೂ, ಮೋರ್ಸ್ ಪರೀಕ್ಷೆಯನ್ನೂ ದಾಟಿದ ಜನರಲ್ ದರ್ಜೆಯವರದು ವಿಯು2 ಎಂದೂ ಶುರುವಾಗುತ್ತದೆ. ರಾಜೀವ್ ಗಾಂಧಿಯವರ ವಿಯು2ಆರ್‌ಜಿ ಹಳಬರಿಗೆ ಬಾಯಿಪಾಠ. ಲೈಸೆನ್ಸಿನಲ್ಲಿ ಬರೆದ ವಿಳಾಸ ಬಿಟ್ಟು ಬೇರೆ ಕಡೆ ರೇಡಿಯೊ ಹಚ್ಚುವುದಕ್ಕೆ ಏನು ಷರತ್ತಿದೆ ಎಂದು ನಿಮ್ಮ ಲೈಸೆನ್ಸನ್ನೇ ಓದಿ. ಗೊಂದಲವಿದ್ದರೆ ಇಲಾಖೆಗೆ ಬರೆದು ಉತ್ತರ ತರಿಸಿಕೊಳ್ಳಿ. ಮತ್ತೆ, ಲೈಸೆನ್ಸ್ ಇಲ್ಲದ ಗೆಳೆಯನಿಗೆ ಆನ್‌ಲೈನಿನಲ್ಲಿ ಅಗ್ಗದ ವಾಕಿಟಾಕಿ ತರಿಸಿ ಕೆಳಗೆ ನಿಲ್ಲಿಸುವ ಉಪಾಯ ಬೇಡವೇ ಬೇಡ. ಅದು ಅಪರಾಧ. 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ಮಾರಾಟಕ್ಕಾಗಿ ಆನ್‌ಲೈನ್ ಮಳಿಗೆಗಳಿಗೆ ನೋಟಿಸು ಕೊಟ್ಟದ್ದು ಸುಮ್ಮನೆ ಅಲ್ಲ. ಕೇಳುಗನೂ ಹ್ಯಾಮ್ ಆಗಿರಬೇಕು. ಊರಲ್ಲಿ ಇನ್ನೊಬ್ಬ ಹ್ಯಾಮ್ ಇಲ್ಲದಿದ್ದರೆ ಗುಡ್ಡದ ಕಾರ್ಯಕ್ರಮ ಮುಂದೂಡಿ, ಮೊದಲು ಒಬ್ಬನನ್ನು ಪರೀಕ್ಷೆಗೆ ಕೂರಿಸಿ. ತಮಾಷೆಗೆ ಹೇಳುತ್ತಿಲ್ಲ.

ಕೇಳುಗ ಸಿಕ್ಕ ಮೇಲೆ ಕರಾರು ಬರೆದಿಟ್ಟುಕೊಳ್ಳಬೇಕು, ಬಾಯಿಮಾತು ಸಾಲದು. ಏಳೂವರೆ, ಎಂಟು, ಎಂಟೂವರೆ ಎಂದು ಮೂರು ಹೊತ್ತು ಗೊತ್ತು ಮಾಡಿ. ಪ್ರತಿ ಹೊತ್ತಿನ ಮೊದಲ ಐದು ನಿಮಿಷ ಮೇಲಿನವರು ಕರೆಯಬೇಕು, ನಂತರದ ಐದು ನಿಮಿಷ ಕೆಳಗಿನವರು. ಮೊದಲು 145.500, ಸಿಕ್ಕ ಮೇಲೆ 145.550ಕ್ಕೆ ಸರಿಯುವುದು. ಸಂಕೇತ ಇಲ್ಲದಾಗ ಸದ್ದು ಮುಚ್ಚುವ ಸ್ಕ್ವೆಲ್ಚನ್ನು ಇಬ್ಬರೂ ತೆರೆದಿಡಬೇಕು. ಸರ್ರೆನ್ನುವ ಸದ್ದು ಕಿರಿಕಿರಿಯೇ, ಆದರೆ ಕ್ಷೀಣ ದನಿ ಆ ಸದ್ದಿನ ಒಳಗಿಂದಲೇ ಬರುತ್ತದೆ, ಸ್ಕ್ವೆಲ್ಚ್ ಬಿಗಿ ಮಾಡಿದರೆ ಅದೂ ಬಾಗಿಲಾಚೆ ಉಳಿಯುತ್ತದೆ. ಮೊಬೈಲ್ ಇರಲಿ. “ಕೇಳಿಸಲಿಲ್ಲ, ಆಂಟೆನಾ ತಿರುಗಿಸು” ಎನ್ನಲು ಅದು ಉಪಯೋಗಕ್ಕೆ ಬರುತ್ತದೆ. ಕರೆಸಂಕೇತ ಮತ್ತು ಸಂಕೇತದ ಗುಣಮಟ್ಟ ಮಾತ್ರ ರೇಡಿಯೊದಲ್ಲೇ ಎರಡೂ ಕಡೆಯಿಂದ ದಾಟಬೇಕು, ಇಲ್ಲದಿದ್ದರೆ ಅದು ಸಂಪರ್ಕ ಅನ್ನಿಸಿಕೊಳ್ಳುವುದಿಲ್ಲ.

ಮಾತು ಹೇಗಿರುತ್ತದೆ ಎಂದು ಹೊಸಬರಿಗೆ ಅಳುಕು. ಮೊದಲು ಇಂಗ್ಲಿಷ್ ವರಸೆ: ವಿಕ್ಟರ್ ಯೂನಿಫಾರ್ಮ್ ತ್ರೀ ಎಂದು ಸಂಕೇತದ ಒಂದೊಂದೇ ಅಕ್ಷರ ಬಿಡಿಸಿ ಹೇಳುವುದು, ಪೋರ್ಟಬಲ್ ಎಂದು ಸೇರಿಸುವುದು, ‘ಓವರ್’ ಎಂದು ಗುಂಡಿ ಬಿಡುವುದು. ಆಮೇಲೆ ಕನ್ನಡಕ್ಕೆ ಯಾವ ಅಡ್ಡಿಯೂ ಇಲ್ಲ.

“ಅಣ್ಣಾರ, ನಿಮ್ಮ ದನಿ ಐದು-ಏಳು ಬರಾಕತ್ತೈತಿ. ನಡುನಡುವ ಕಟ್ ಆಗತೈತಿ. ಎಲ್ಲಿ ನಿಂತೀರಿ? ಓವರ್.”

“ಬಡಗಣ ಅಂಚಿಗೆ ಬಂದೀನ್ರಿ. ನಿಮ್ದು ಐದು-ಒಂಬತ್ತು, ಭಾಳ ಸ್ವಚ್ಛ. ಈಗ ಗಳ ಒಂದ್ ಮೊಳ ಮ್ಯಾಲೆತ್ತೇನಿ, ನೋಡ್ರಿ. ಓವರ್.”

ಐದು ಎಂಬುದು ಮಾತು ಎಷ್ಟು ತಿಳಿಯುತ್ತದೆ ಎಂಬುದಕ್ಕೆ, ಎರಡನೆಯ ಅಂಕಿ ಸಂಕೇತದ ಬಲಕ್ಕೆ. ಎಲ್ಲರಿಗೂ ಐದು-ಒಂಬತ್ತು ಹಂಚುವ ಉದಾರಿಗಳು ಬಹಳ. ಕಲಿಯುವ ದಿನ ನಿಜ ಹೇಳುವ ಗೆಳೆಯನೇ ಬೇಕು.

ಕಾಲ ಯಾವುದು? ದೀಪಾವಳಿಯಿಂದ ಶಿವರಾತ್ರಿವರೆಗೆ. ಏಪ್ರಿಲ್-ಮೇನಲ್ಲಿ ಪಾರಾ ನಲವತ್ತು ಮುಟ್ಟುತ್ತದೆ, ಬಂಡೆ ಕಾದ ಹಂಚಾಗುತ್ತದೆ, ಕಪ್ಪು ರೇಡಿಯೊ ಕೈಗೆ ಹಿಡಿಸುವುದಿಲ್ಲ. ಅದೇ ತಿಂಗಳ ಸಂಜೆಗಳಲ್ಲಿ ಗುಡುಗು-ಸಿಡಿಲಿನ ಅಡ್ಡಮಳೆ. ಬೋಳುಗುಡ್ಡದ ಮೇಲೆ ಗಳ ನಿಲ್ಲಿಸಿಕೊಂಡು ಕೂತವರಿಗೆ ಮೊದಲ ಗುಡುಗು ಕೇಳಿದರೆ ಸಾಕು, ಮಾತು ಅರ್ಧಕ್ಕೆ ಬಿಟ್ಟು ಇಳಿಯಬೇಕು. ಬಂಡೆಯ ಸಂದಿಯಲ್ಲಿ ಹೆಜ್ಜೇನು ಕಟ್ಟಿದ್ದರೆ ಆ ಕಡೆ ಗಳ ಆಡಿಸಬೇಡಿ. ನೀರು ತಲೆಗೆ ಎರಡು ಲೀಟರಿಗೆ ಕಡಿಮೆ ಬೇಡ. ಬಾದಾಮಿಯ ಮಂಗಗಳ ಬಗ್ಗೆ ಹೊರಗಿನವರಿಗಷ್ಟೇ ಎಚ್ಚರಿಕೆ ಹೇಳಬೇಕು, ಊರವರಿಗೆ ಬೇಕಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ ಚೀಲದೊಳಗೇ ಇರಲಿ, ಚೀಲದ ಜಿಪ್ಪು ಹಾಕಿರಲಿ. ರೊಟ್ಟಿ ಹುಡುಕಿ ಬಂದ ಮಂಗ ಕೈರೇಡಿಯೊವನ್ನೂ ಬಿಡುವುದಿಲ್ಲ. ಆಪರೇಟರಿನ ಜೊತೆ ಇನ್ನೊಬ್ಬರು ಬರೀ ಸಾಮಾನು ಕಾಯಲು ಬೇಕು. ಆ ಕೆಲಸಕ್ಕೆ ಲೈಸೆನ್ಸ್ ಬೇಕಿಲ್ಲ, ತಮ್ಮನನ್ನೋ ತಂಗಿಯನ್ನೋ ಕರೆದೊಯ್ಯಬಹುದು.

ಇಷ್ಟೆಲ್ಲ ಹರಸಾಹಸ ಏಕೆ ಎಂದು ಕೇಳುವವರಿಗೆ 2004ರ ಒಂದು ಪ್ರಸಂಗ ಹೇಳಬಹುದು. ಆ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಂಡ ಕಟ್ಟಿಕೊಂಡು ಅಂಡಮಾನಿಗೆ ಹೋಗಿದ್ದು ಹವ್ಯಾಸಕ್ಕೆ, ಅಪರೂಪದ ದ್ವೀಪದಿಂದ ಜಗತ್ತಿನ ಹ್ಯಾಮ್‌ಗಳ ಜೊತೆ ಮಾತಾಡಲು. 26ರಂದು ಸುನಾಮಿ ಬಂದಾಗ ಆಂಟೆನಾ, ಬ್ಯಾಟರಿ, ರೂಢಿಯಾದ ಕೈ ಎಲ್ಲ ಅಲ್ಲೇ ಇತ್ತು. ಬದುಕಿದವರ ಸುದ್ದಿ ಹೊರಗೆ ಮುಟ್ಟಿಸಲು ಅದೇ ತಂಡ ನಿಂತಿತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ನುಗ್ಗಿದ್ದನ್ನು ಕಂಡ ಜಿಲ್ಲೆ ನಮ್ಮದು. ಯಾವ ಗುಡ್ಡದಿಂದ ಯಾವ ಮಾಳಿಗೆ ಕೇಳಿಸುತ್ತದೆ ಎಂಬ ಪಟ್ಟಿ ನಾಲ್ಕು ಜನ ಹ್ಯಾಮ್‌ಗಳ ನೋಟ್‌ಬುಕ್ಕಿನಲ್ಲಿ ಇದ್ದರೆ ಕೆಡುಕೇನಿಲ್ಲ.

ಆ ನೋಟ್‌ಬುಕ್ಕಿಗೆ ಹ್ಯಾಮ್‌ಗಳು ಲಾಗ್ ಎನ್ನುತ್ತಾರೆ. ಮೊಬೈಲಿನಲ್ಲಿ ಬರೆಯಬೇಡಿ, ಬಿಸಿಲಿಗೆ ಪರದೆ ಕಾಣುವುದಿಲ್ಲ; ನೂರು ಪುಟದ ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ಸಿಲ್ ಸಾಕು. ದಿನಾಂಕ, ಹೊತ್ತು, ಆವರ್ತನ, ಎದುರಿನವರ ಸಂಕೇತ, ಕೊಟ್ಟ ಅಂಕ, ಪಡೆದ ಅಂಕ. ಹೊತ್ತನ್ನು ಜಾಗತಿಕ ಸಮಯದಲ್ಲಿ ಬರೆಯುವುದು ರೂಢಿ, ನಮ್ಮ ಗಡಿಯಾರದಿಂದ ಐದೂವರೆ ತಾಸು ಕಳೆಯಬೇಕು. ಬೆಳಗಿನ ಎಂಟೂವರೆ ಎಂದರೆ ಅಲ್ಲಿ ಮೂರು ಗಂಟೆ. ಇವುಗಳ ಪಕ್ಕದಲ್ಲಿ ಇನ್ನೊಂದು ಕಲಂ ನೀವೇ ಹಾಕಿಕೊಳ್ಳಿ: ನಿಂತ ಜಾಗ, ಮುಖ ಮಾಡಿದ ದಿಕ್ಕು, ಯಾವ ಆಂಟೆನಾ. ಇಳಿದು ಬಂದ ಸಂಜೆ ಕೆಳಗಿನವರ ಲಾಗ್ ಪಕ್ಕದಲ್ಲಿಟ್ಟು ಓದಿದರೆ ನೀವು ಕರೆದದ್ದು ಎಷ್ಟು, ಅವರಿಗೆ ಮುಟ್ಟಿದ್ದು ಎಷ್ಟು ಎಂಬುದು ಸಾಲು ಸಾಲಾಗಿ ಕಾಣುತ್ತದೆ. ಏಳೂವರೆಯ ಕರೆ ಮುಟ್ಟದೆ ಎಂಟರದ್ದು ಮುಟ್ಟಿದ್ದರೆ, ಆ ಅರ್ಧ ತಾಸಿನಲ್ಲಿ ನೀವು ಏನು ಬದಲಿಸಿದಿರಿ ಎಂದು ಆ ಕಲಂ ನೋಡಿ.